ಧ್ವನಿಯ ಸೆಳೆತಕ್ಕೆ ಏಳುವ ಗುಳ್ಳೆ

ಭೂತಗನ್ನಡಿಯಿಂದ ಬಿಸಿಲನ್ನು ಒಂದು ಬಿಂದುವಿನಲ್ಲಿ ಕೂಡಿಸಿ ಕಾಗದವನ್ನು ಸುಡುವ ಆಟ ವಿದ್ಯಾರ್ಥಿಗಳೆಲ್ಲರಿಗೂ ಪರಿಚಿತವೇ. ಶ್ರವಣಾತೀತ ಧ್ವನಿಯನ್ನೂ ಹೀಗೆಯೇ ಕೇಂದ್ರೀಕರಿಸಿ, ಚರ್ಮವನ್ನು ಕೊಯ್ಯದೆ, ದೇಹದೊಳಗಿನ ಗಡ್ಡೆಯನ್ನು ಬೇಯಿಸಬಹುದು. 60 ಡಿಗ್ರಿ ಸೆಂಟಿಗ್ರೇಡ್ ಶಾಖವು ಕೆಲವು ಸೆಕೆಂಡು ನಿಂತರೆ ಸಾಕು, ಜೀವಕೋಶಗಳು ಸಾಯುತ್ತವೆ.

ಆದರೆ ಧ್ವನಿಯ ಅಲೆ ಒತ್ತುವುದಷ್ಟೇ ಅಲ್ಲ, ಸೆಳೆಯುವುದೂ ಉಂಟು. ಸೆಳೆತ ಮಿತಿಮೀರಿದಾಗ ಅಂಗಾಂಶದೊಳಗಿನ ದ್ರವವೇ ಬಿರಿದು ಸೂಕ್ಷ್ಮವಾದ ಗುಳ್ಳೆಗಳು ಏಳುತ್ತವೆ. ಮರುಕ್ಷಣವೇ ಕುಸಿದು ಸುತ್ತಲಿನ ಕೋಶಗಳನ್ನು ಘಾಸಿಗೊಳಿಸುತ್ತವೆ. ಇಂಥ ಕುಸಿತದ ಗಣಿತವನ್ನು ಲಾರ್ಡ್ ರೇಲಿಯವರು 1917ರಲ್ಲಿಯೇ ಬರೆದಿದ್ದರು. ಆಗ ಪ್ರಶ್ನೆಯಿದ್ದುದು ವೈದ್ಯದ್ದಲ್ಲ, ಹಡಗಿನ ಪ್ರೊಪೆಲರುಗಳದು!

ಬೇಯಿಸುವ ವೈದ್ಯನಿಗೆ ಈ ಗುಳ್ಳೆ ಬೇಡದ ಅತಿಥಿ. ಅದು ಧ್ವನಿಯನ್ನು ಚದುರಿಸಿ, ಗಾಯವು ಗುರಿ ಬಿಟ್ಟು ಹರಡುವಂತೆ ಮಾಡುತ್ತದೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಸಂಶೋಧಕರಾದರೋ ಗುಳ್ಳೆಯನ್ನೇ ಕೆಲಸಕ್ಕೆ ಹಚ್ಚಿದರು. ಸೆಕೆಂಡಿನ ಕೆಲವೇ ದಶಲಕ್ಷಾಂಶ ಬಾಳುವ ಪ್ರಬಲ ಸ್ಪಂದಗಳ ನಡುವೆ ಸಾಕಷ್ಟು ಬಿಡುವು ಕೊಟ್ಟರೆ ಶಾಖ ಕೂಡಿಕೊಳ್ಳದು. ಗುಳ್ಳೆಗಳ ಮೋಡವೇ ಗಡ್ಡೆಯನ್ನು ಅರೆದು ದ್ರವಪ್ರಾಯವಾಗಿಸುತ್ತದೆ. ‘ಹಿಸ್ಟೋಟ್ರಿಪ್ಸಿ’ಯೆಂಬ ಈ ವಿಧಾನಕ್ಕೆ ಯಕೃತ್ತಿನ ಗಡ್ಡೆಗಳ ಮಟ್ಟಿಗೆ 2023ರಲ್ಲಿ ಅಮೆರಿಕದಲ್ಲಿ ಸರಕಾರಿ ಅನುಮತಿ ದೊರೆಯಿತು. ಪ್ರತಿಧ್ವನಿಯ ಚಿತ್ರದಲ್ಲಿ ಗುಳ್ಳೆಗಳು ಹೊಳೆಯುವುದರಿಂದ ಏಟು ಎಲ್ಲಿ ಬೀಳುತ್ತಿದೆಯೆಂಬುದನ್ನು ವೈದ್ಯನು ಆಗಲೇ ಕಾಣಬಲ್ಲನು. ಮೆತ್ತಗಿನ ಗಡ್ಡೆ ಪುಡಿಯಾದರೂ, ಬಲವಾದ ನಾರುಗಳುಳ್ಳ ದೊಡ್ಡ ರಕ್ತನಾಳಗಳು ಬಹುಮಟ್ಟಿಗೆ ಉಳಿದುಕೊಳ್ಳುತ್ತವೆ.