ಅಂಕಪಟ್ಟಿಯ ಹಿಂದಿರುವ ಮಕ್ಕಳು: ಗಡಿನಾಡ ರೊಳ್ಳದಿಂದ ಒಂದು ಪಾಠ

ಬೇಸಿಗೆ ರಜೆ ಬಂತೆಂದರೆ ಮನೆಮನೆಯಲ್ಲೂ ಒಂದೇ ಮಾತು: "ಮುಂದಿನ ವರ್ಷ ಮಗೂನ ಯಾವ ಶಾಲೆಗೆ ಹಾಕೋದು?" ಐದನೇ ತರಗತಿ ಮುಗಿಸಿದ ಮಗುವಿದ್ದರಂತೂ ಚಿಂತೆ ಇನ್ನೂ ಹೆಚ್ಚು. "ಆ ಸರಕಾರಿ ಶಾಲೆ ರಿಸಲ್ಟ್ ಈ ಸಲ ಇಳಿದಿದೆಯಂತೆ" ಎಂದು ಪಕ್ಕದ ಮನೆಯವರು ಹೇಳಿದರೆ ಸಾಕು, ಅಪ್ಪ ಟಿ.ಸಿ. ಕೇಳಲು ಹೊರಡುತ್ತಾನೆ. ಶಾಲೆಯ ಅಂಕ ಇಳಿಯಿತೆಂದರೆ ಅಲ್ಲಿ ಪಾಠ ಕೆಟ್ಟಿತು ಎಂದೇ ಅರ್ಥವೇ? ಉತ್ತರ ಹುಡುಕಲು ಗಡಿಯಾಚೆಯ ಒಂದು ಕನ್ನಡ ಊರಿಗೆ ಹೋಗಿಬರೋಣ.

ಮೂರು ಕಡೆ ಕರ್ನಾಟಕ

ರೊಳ್ಳ ಆಂಧ್ರಪ್ರದೇಶದ ಮಡಕಶಿರಾ ಸೀಮೆಯ ಊರು. ಮೊದಲು ಅನಂತಪುರ ಜಿಲ್ಲೆಯಲ್ಲಿತ್ತು; 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಮಡಕಶಿರಾ ಸೀಮೆಗೆ ಮೂರು ಕಡೆಯೂ ಕರ್ನಾಟಕವೇ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಏಳು ತಾಲೂಕುಗಳು ಮೈಸೂರಿಗೆ ಬಂದವು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಅನಂತಪುರ ಜಿಲ್ಲೆಯಲ್ಲೇ ಇದ್ದ ಮಡಕಶಿರಾ ಕೂಡ ಆಂಧ್ರದಲ್ಲೇ ಉಳಿಯಿತು. ನಕ್ಷೆಯಲ್ಲಿ ಗೆರೆ ಬಿತ್ತು, ಮನೆಮಾತು ಬದಲಾಗಲಿಲ್ಲ. ರೊಳ್ಳ, ಅಗಳಿ, ಅಮರಾಪುರ, ಗುಡಿಬಂಡೆಗಳ ಹಳ್ಳಿಗಳಲ್ಲಿ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳು ನಡೆದುಬಂದವು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲೇ ಕಲಿಯಲು ಅನುಕೂಲ ಮಾಡಿಕೊಡಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯೂ ಹೇಳುತ್ತದೆ.

ತರಗತಿಯಲ್ಲಿ ಕುಳಿತವರು ಯಾರು?

ಇದು ಮಳೆ ಕಡಿಮೆ ಇರುವ ಸೀಮೆ. ಹಳೆಯ ಅನಂತಪುರ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆಯಾದರೆ ಅದೇ ದೊಡ್ಡದು. ಕಡಲೆಕಾಯಿ ಬೆಳೆ ಕೈಕೊಟ್ಟ ವರ್ಷ ಕೂಲಿಗಾಗಿ ಬೆಂಗಳೂರಿನ ದಾರಿ ಹಿಡಿಯುವ ಕುಟುಂಬಗಳು ಎಷ್ಟೋ. ಕೆಲವು ಮಕ್ಕಳು ಅಪ್ಪ ಅಮ್ಮನ ಜೊತೆ ಹೋಗುತ್ತಾರೆ, ಕೆಲವರು ಅಜ್ಜಿಯ ಬಳಿ ಉಳಿಯುತ್ತಾರೆ. ಹಾಜರಿ ಪುಸ್ತಕದಲ್ಲಿ ಅದೇ ಖಾಲಿ ಮನೆಯಾಗಿ ಕಾಣುತ್ತದೆ. ಜೊತೆಗೆ ಭಾಷೆಯ ಹೊರೆ: ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಮುಂದಿನ ಓದಿಗೆ ಇಂಗ್ಲಿಷ್. 2019ರ ನವೆಂಬರ್‌ನಲ್ಲಿ ಆಂಧ್ರ ಸರಕಾರ ಸರಕಾರಿ ಶಾಲೆಗಳ 1ರಿಂದ 6ನೇ ತರಗತಿಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಬದಲಿಸಲು ಆದೇಶ ಹೊರಡಿಸಿತು. 2020ರ ಏಪ್ರಿಲ್‌ನಲ್ಲಿ ಹೈಕೋರ್ಟು ಅದನ್ನು ರದ್ದುಪಡಿಸಿತು. ಇಂಥ ಹೊಯ್ದಾಟದ ನಡುವೆ ಗಡಿನಾಡಿನ ತಂದೆತಾಯಿ ಮಗುವಿನ ಮಾಧ್ಯಮವನ್ನು ತೀರ್ಮಾನಿಸಬೇಕು.

ಸರಾಸರಿಯ ಮೋಸ

ಈಗ ಒಂದು ಲೆಕ್ಕ ಮಾಡಿ ನೋಡೋಣ. ಒಂದು ತರಗತಿಯಲ್ಲಿ 40 ಮಕ್ಕಳಿದ್ದಾರೆ ಎನ್ನಿ. ಅರ್ಧದಷ್ಟು ಮಕ್ಕಳಿಗೆ ತಲಾ 60 ಅಂಕ, ಉಳಿದರ್ಧಕ್ಕೆ ತಲಾ 40. ಸರಾಸರಿ 50. ಶುಲ್ಕ ಕಟ್ಟಬಲ್ಲ ಮನೆಗಳ ಹತ್ತು ಮಕ್ಕಳು ಖಾಸಗಿ ಶಾಲೆಗೆ ಹೋದರು; ಹತ್ತೂ ಮಂದಿ 60 ತೆಗೆಯುವವರೇ. ಈಗ ಸರಾಸರಿ 47ಕ್ಕಿಂತ ಕೆಳಗೆ! ಮೇಷ್ಟ್ರು ಅವರೇ, ಪಾಠವೂ ಅದೇ. ಉಳಿದವರಲ್ಲಿ ಒಬ್ಬರ ಅಂಕವೂ ಇಳಿದಿಲ್ಲ. ಬದಲಾದದ್ದು ಬೆಂಚಿನ ಮೇಲೆ ಕುಳಿತವರು ಮಾತ್ರ. ಆದರೆ "ಶಾಲೆ ಕೆಟ್ಟಿತು" ಎಂಬ ಸುದ್ದಿ ಹರಡುತ್ತದೆ, ಇನ್ನಷ್ಟು ಮಕ್ಕಳು ಹೋಗುತ್ತಾರೆ, ಮಕ್ಕಳ ಸಂಖ್ಯೆ ಇಳಿದಂತೆ ಶಿಕ್ಷಕರ ಹುದ್ದೆಗೂ ಕುತ್ತು ಬರುತ್ತದೆ. ಆಗ ಮಾತ್ರ ಪಾಠ ನಿಜವಾಗಿಯೂ ಕೆಡುತ್ತದೆ. ಪೆಟ್ಟು ಬೀಳುವುದು ಬೇರೆಲ್ಲೂ ಹೋಗಲಾಗದ ಬಡ ಮಗುವಿಗೆ.

ಚಿಕ್ಕ ತರಗತಿಗಳಲ್ಲಿ ಶೇಕಡಾವಾರು ಫಲಿತಾಂಶ ಇನ್ನೂ ದಾರಿ ತಪ್ಪಿಸುತ್ತದೆ. ಎಂಟು ಮಕ್ಕಳಲ್ಲಿ ಒಬ್ಬ ನಪಾಸಾದರೆ ಫಲಿತಾಂಶ ಶೇ. 87.5. ಎಂಬತ್ತರಲ್ಲಿ ಒಬ್ಬ ನಪಾಸಾದರೆ ಶೇ. 98.75. ಎರಡೂ ಕಡೆ ಹಿಂದೆ ಬಿದ್ದ ಮಗು ಒಂದೇ.

ಹಾಗೆಂದು ಕಣ್ಣು ಮುಚ್ಚುವಂತಿಲ್ಲ

ಎಲ್ಲವೂ ಸರಿಯಿದೆ ಎಂದು ಹೇಳುತ್ತಿಲ್ಲ. ಗ್ರಾಮೀಣ ಭಾರತದ ಮಕ್ಕಳ ಓದನ್ನು ಅಳೆಯುವ 'ಅಸರ್' ಸಮೀಕ್ಷೆಯ ಪ್ರಕಾರ 2022ರಲ್ಲಿ ಎಂಟನೇ ತರಗತಿಯ ಹತ್ತು ಮಕ್ಕಳಲ್ಲಿ ಸುಮಾರು ಮೂವರು ಎರಡನೇ ತರಗತಿಯ ಪಾಠವನ್ನೂ ಸರಾಗವಾಗಿ ಓದಲಾರದವರು. ಇಂಥ ಮಗುವನ್ನು ಒಮ್ಮೆಲೇ ಬೇರೆ ಮಾಧ್ಯಮಕ್ಕೆ ಹಾಕಿದರೆ ಓದು ತಾನಾಗಿ ಬಂದುಬಿಡುವುದಿಲ್ಲ. ಬೋರ್ಡು ಬದಲಾಗುತ್ತದೆ, ತೊಡಕು ಜೊತೆಯಲ್ಲೇ ಬರುತ್ತದೆ.

ಇದಕ್ಕೆ ಒಂದು ದಾರಿಯನ್ನು ಅನಂತಪುರ ಸೀಮೆಯೇ ತೋರಿಸಿದೆ. ಸ್ಪೇನ್‌ನಿಂದ ಯೇಸುಸಭೆಯ ಸದಸ್ಯರಾಗಿ ಭಾರತಕ್ಕೆ ಬಂದು, ಮುಂದೆ ಸಭೆಯನ್ನು ಬಿಟ್ಟರೂ ಬಡವರನ್ನು ಬಿಡದ ವಿನ್ಸೆಂಟ್ ಫೆರರ್ 1969ರಲ್ಲಿ ಅನಂತಪುರಕ್ಕೆ ಬಂದರು. 2009ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ದುಡಿದರು. ಅವರು ಕಟ್ಟಿದ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್ ಸರಕಾರಿ ಶಾಲೆಗೆ ಎದುರಾಗಿ ಮಾತ್ರ ನಿಲ್ಲಲಿಲ್ಲ. ದಲಿತ ಕೇರಿಗಳಲ್ಲಿ ಪೂರಕ ಶಾಲೆ ತೆರೆದು, ಶಾಲೆಗೆ ಹೋಗುವ ಮಕ್ಕಳಿಗೇ ಹೆಚ್ಚಿನ ಪಾಠ ಹೇಳಿಸಿತು. ಓದು ಬಾರದ ಹೆತ್ತವರ ಮಕ್ಕಳಿಗೆ ಬೇಕಾದದ್ದೂ ಅದೇ: ದೀಪ, ಜಾಗ, ಪಕ್ಕದಲ್ಲಿ ಕೂರುವ ಒಬ್ಬ ದೊಡ್ಡವರು.

ನಾವು ಏನು ಕೇಳಬೇಕು?

ಪ್ರಿಯ ಹೆತ್ತವರೇ, ಟಿ.ಸಿ. ಕೇಳುವ ಮೊದಲು ಮುಖ್ಯೋಪಾಧ್ಯಾಯರನ್ನು ಭೇಟಿ ಮಾಡಿ. ಐದನೇ ತರಗತಿಯಲ್ಲಿದ್ದ ಮಕ್ಕಳಲ್ಲಿ ಎಷ್ಟು ಮಂದಿ ಎಂಟನೆಯದಕ್ಕೆ ಉಳಿದಿದ್ದಾರೆ? ಹಾಜರಿ ಹೇಗಿದೆ? ಪ್ರತಿ ವಿಷಯಕ್ಕೂ ಶಿಕ್ಷಕರಿದ್ದಾರೆಯೇ? ಆರರಿಂದ ಎಂಟನೇ ತರಗತಿಯವರೆಗೆ 35 ಮಕ್ಕಳಿಗೆ ಒಬ್ಬರಾದರೂ ಶಿಕ್ಷಕರಿರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ಹೇಳುತ್ತದೆ. ಆಮೇಲೆ ಮನೆಗೆ ಬಂದು ನಿಮ್ಮ ಮಗುವಿನ ಕೈಗೆ ಒಂದು ಪುಸ್ತಕ ಕೊಟ್ಟು ಓದಿಸಿ, ಓದಿದ್ದನ್ನು ಅದರ ಮಾತಿನಲ್ಲೇ ಹೇಳಿಸಿ. ಶಾಲೆಯ ಸರಾಸರಿಗಿಂತ ಆ ಹತ್ತು ನಿಮಿಷ ಹೆಚ್ಚು ತಿಳಿಸುತ್ತದೆ.

ಗಡಿನಾಡಿನಲ್ಲಿ ಬಂಧುಗಳಿದ್ದರೆ ಇನ್ನೊಂದು ಮಾತು ಮುಟ್ಟಿಸಿ. ಮಡಕಶಿರಾ, ರಾಯದುರ್ಗ, ಆದೋನಿ, ಆಲೂರು ತಾಲೂಕುಗಳಲ್ಲಿ ಓದಿದ ಕನ್ನಡ ಮನೆಮಾತಿನ ಮಕ್ಕಳಿಗೆ ಕರ್ನಾಟಕದ ಸಿ.ಇ.ಟಿ. ಪ್ರವೇಶ ನಿಯಮಗಳಲ್ಲಿ ಗಡಿನಾಡು ಕನ್ನಡಿಗರೆಂದು ಅರ್ಜಿ ಹಾಕುವ ಅವಕಾಶ ಕಲ್ಪಿಸಲಾಗಿದೆ. ಎಷ್ಟನೇ ತರಗತಿಯಿಂದ ಅಲ್ಲೇ ಓದಿರಬೇಕು, ಕನ್ನಡ ಪರೀಕ್ಷೆ ಹೇಗಿರುತ್ತದೆ ಎಂಬುದನ್ನು ಆಯಾ ವರ್ಷದ ಕೈಪಿಡಿಯಲ್ಲಿ ಮೊದಲೇ ನೋಡಿಕೊಳ್ಳಬೇಕು.

ನಮ್ಮ ಮಗು ಬೇರೆ ಶಾಲೆಗೆ ಹೋದರೂ ಊರಿನ ಶಾಲೆ ನಮ್ಮದೇ. ಸಂಜೆ ಒಂದು ಗಂಟೆ ಬಿಡುವಿದ್ದರೆ ಅಲ್ಲಿ ಉಳಿದ ಮಕ್ಕಳಲ್ಲಿ ಒಬ್ಬರ ಪಕ್ಕ ಕುಳಿತು ಓದಿಸಬಹುದಲ್ಲವೇ?