ಪಂಕ್ಚರ್ ಆಯ್ತಾ? ಪರದಾಟ ಬೇಡ

ಸಂಜೆ ಆರೂವರೆ. ಟ್ಯೂಷನ್ನಿಗೆ ಹೋದ ಮಗಳು ಇನ್ನೂ ಬಂದಿಲ್ಲ. ನಿಮ್ಮ ಕಣ್ಣೆಲ್ಲ ಗೇಟಿನ ಮೇಲೆ. ಕೊನೆಗೂ ಬೆವರು ಒರೆಸುತ್ತಾ ಸೈಕಲ್ ತಳ್ಳಿಕೊಂಡು ಬರುತ್ತಾಳೆ. ‘ಅಮ್ಮಾ, ಪಂಕ್ಚರ್!’ ಅಲ್ಲಿಗೆ ಮನೆಯಲ್ಲಿ ತೀರ್ಪು ಹೊರಬೀಳುತ್ತದೆ. ‘ನಾಳೆಯಿಂದ ಸೈಕಲ್ ಬೇಡ, ಅಪ್ಪ ಬಿಟ್ಟು ಬರ್ತಾರೆ.’ ಒಂದು ಮುಳ್ಳಿನ ದೆಸೆಯಿಂದ ಹುಡುಗಿ ಒಬ್ಬಳೇ ಹೋಗಿ ಬರೋದೇ ನಿಂತುಹೋಯಿತು. ಇದು ಸರಿಯಾ, ನೀವೇ ಹೇಳಿ.

ಕಾರವಾರ, ಅಂಕೋಲೆಗಳಿಗೆ ಸೈಕಲ್ ಹೊಸದಲ್ಲ. 2006-07ರಲ್ಲಿ ಸರಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿದ ಮೇಲಂತೂ ಹುಡುಗಿಯರ ಸೈಕಲ್ ಬೆಲ್ ಓಣಿ ಓಣಿಯಲ್ಲೂ ಕೇಳತೊಡಗಿತು. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತಿತು. ಎಷ್ಟೋ ಮನೆಗಳಲ್ಲಿ ಅಕ್ಕನ ಸೈಕಲ್ಲೇ ತಂಗಿಗೆ ಬಂತು. ಸೈಕಲ್ ಹಳತು ಅಂದಮೇಲೆ ಟೈರು, ಟ್ಯೂಬೂ ಹಳತೇ ಅಲ್ವಾ?

ಪೇಟೆಯೊಳಗೆ ಕೆಟ್ಟರೆ ಹೇಗೋ ನಡೆಯುತ್ತದೆ. ಆದರೆ ಬಿಣಗಾ, ಅಮದಳ್ಳಿ, ಹಾರವಾಡ, ಅವರ್ಸಾ ಕಡೆ ಹೆದ್ದಾರಿ 66ರಲ್ಲಿ ಕೆಟ್ಟರೆ? ಅಲ್ಲಿ ಸಿಗುವ ಪಂಕ್ಚರ್ ಅಂಗಡಿಗಳು ಹೆಚ್ಚಾಗಿ ಲಾರಿ, ಬೈಕ್‌ಗಳಿಗಾಗಿ ಇರುವಂಥವು. ಅವರ ಗಾಳಿ ಪೈಪಿನ ತುದಿ ಎಲ್ಲ ಸೈಕಲ್ ವಾಲ್ವ್‌ಗೂ ಹೊಂದುವುದಿಲ್ಲ. ಹೊಂದಿದರೂ ಜೋರು ಗಾಳಿಗೆ ಟ್ಯೂಬ್ ‘ಢಂ’ ಅಂದರೆ ಮುಗಿಯಿತು! ಇನ್ನು ಲಾರಿ ಟೈರು ಸಿಡಿದು ಉದುರಿದ ಕೂದಲೆಳೆಯಂಥ ತಂತಿಗಳು ರಸ್ತೆ ಬದಿಯಲ್ಲಿ ಬಿದ್ದಿರುತ್ತವೆ. ಕಣ್ಣಿಗೆ ಕಾಣಿಸದ ಇವು ಮುಳ್ಳಿಗಿಂತ ಕೆಟ್ಟವು.

ಒಂದು ಗುಟ್ಟು ಹೇಳ್ತೀನಿ. ಗಾಳಿ ಇಳಿದದ್ದೆಲ್ಲ ಪಂಕ್ಚರ್ ಅಲ್ಲ. ಸಾದಾ ಸೈಕಲ್‌ನ ವಾಲ್ವ್ ಒಳಗೆ ಒಂದು ಪುಟ್ಟ ರಬ್ಬರ್ ನಳಿಗೆ ಇರುತ್ತದೆ. ಅಂಗಡಿಯಲ್ಲಿ ‘ವಾಲ್ ಟ್ಯೂಬ್’ ಅಂದರೆ ಕೊಡುತ್ತಾರೆ, ಅತಿ ಅಗ್ಗ. ಅದು ಹಳತಾಗಿ ಸೀಳಿದರೆ ಗಾಳಿ ಮೆಲ್ಲಗೆ ಸೋರುತ್ತದೆ. ವಾಲ್ವ್ ಬಾಯಿಗೆ ಸ್ವಲ್ಪ ಎಂಜಲು ಹಚ್ಚಿ ನೋಡಿ. ಗುಳ್ಳೆ ಬಂತಾ? ಹಾಗಾದರೆ ಕಳ್ಳ ಅಲ್ಲೇ ಇದ್ದಾನೆ. ಹಳೆ ನಳಿಗೆ ಕಿತ್ತು, ಹೊಸದನ್ನು ಒದ್ದೆ ಮಾಡಿ ಏರಿಸಿ, ಗಾಳಿ ಹೊಡೆಯಿರಿ. ಐದು ನಿಮಿಷದ ಕೆಲಸ. ಇದಕ್ಕೂ ಅಂಗಡಿವರೆಗೆ ಸೈಕಲ್ ತಳ್ಳುವವರನ್ನು ಕಂಡರೆ ಪಾಪ ಅನಿಸುತ್ತೆ.

ಗಾಳಿ ಕಡಿಮೆ ಇದ್ದರೂ ಅಪಾಯವೇ. ಕಲ್ಲಿಗೆ ಬಡಿದಾಗ ಟ್ಯೂಬ್ ರಿಮ್ಮಿಗೆ ಸಿಕ್ಕಿ ಅಕ್ಕಪಕ್ಕ ಎರಡು ತೂತು ಬೀಳುತ್ತದೆ. ವಾರಕ್ಕೊಮ್ಮೆ ಹೆಬ್ಬೆರಳಿಂದ ಟೈರ್ ಒತ್ತಿ ನೋಡಿ, ಮೆತ್ತಗಿದ್ದರೆ ಪಂಪ್ ಹೊಡೆಯಿರಿ.

ನಮ್ಮ ಕಡಲ ಗಾಳಿಯ ಉಪ್ಪಿಗೆ ಚೈನು ಬೇಗ ತುಕ್ಕು ಹಿಡಿಯುತ್ತದೆ. ಟಾಗೋರ್ ಬೀಚಿನ ಮರಳಲ್ಲಿ ಓಡಾಡಿ ಬಂದರೆ ಸಿಹಿನೀರಲ್ಲಿ ತೊಳೆದು ಒರೆಸಿ. ಚೈನಿಗೆ ಕೊಬ್ಬರಿ ಎಣ್ಣೆ ಮಾತ್ರ ಬೇಡ ಮಾರಾಯ್ರೆ, ಅಂಟಾಗಿ ಮರಳು ಹಿಡಿಯುತ್ತದೆ. ಬೇರೇನೂ ಇಲ್ಲದಿದ್ದರೆ ಹೊಲಿಗೆ ಯಂತ್ರದ ಎಣ್ಣೆ ನಾಲ್ಕು ಹನಿ ಹಾಕಿ, ಹೆಚ್ಚಾದದ್ದನ್ನು ಬಟ್ಟೆಯಿಂದ ತೆಗೆಯಿರಿ.

ಈಗ ಚೀಲದ ವಿಷಯ. ಚಿಕ್ಕ ಪಂಪು, ಪ್ಯಾಚು, ಸಲ್ಯೂಷನ್, ಉಪ್ಪುಕಾಗದದ ತುಂಡು, ವಾಲ್ ಟ್ಯೂಬು, ಹಳೆ ಬಟ್ಟೆ. ಜೊತೆಗೆ ಅಡುಗೆಮನೆಯ ಎರಡು ಹಳೆ ಸ್ಟೀಲ್ ಚಮಚ! ಟೈರ್ ಎಬ್ಬಿಸಲು ಅವುಗಳ ಮೊಂಡು ಹಿಡಿಯೇ ಸಾಕು. ಸ್ಕ್ರೂ ಡ್ರೈವರ್ ಹಾಕಿದರೆ ಟ್ಯೂಬಿಗೆ ಇನ್ನೊಂದು ತೂತು. ಸಲ್ಯೂಷನ್ ಚಿಕ್ಕದೇ ಕೊಳ್ಳಿ, ಒಮ್ಮೆ ತೆರೆದದ್ದು ಒಳಗೇ ಒಣಗಿಬಿಡುತ್ತದೆ.

ಪ್ಯಾಚ್ ಹಾಕಲು ಚಕ್ರ ಬಿಚ್ಚಬೇಕಿಲ್ಲ. ಸೈಕಲ್ ತಲೆಕೆಳಗು ಮಾಡಿ, ಟೈರಿನ ಒಂದು ಬದಿ ಎಬ್ಬಿಸಿ, ಟ್ಯೂಬ್ ಹೊರಗೆಳೆಯಿರಿ. ಗಾಳಿ ತುಂಬಿ ಕೆನ್ನೆಯ ಹತ್ತಿರ ತಂದರೆ ತೂತು ಎಲ್ಲಿದೆ ಅಂತ ಗೊತ್ತಾಗುತ್ತದೆ. ಗಾಳಿ ಬಿಟ್ಟು, ಉಜ್ಜಿ, ಸಲ್ಯೂಷನ್ ಹಚ್ಚಿ, ಅದು ಒಣಗುವವರೆಗೆ ಕಾಯಿರಿ. ಹೆಚ್ಚಿನವರು ಎಡವೋದು ಇಲ್ಲೇ, ಹಸಿಯಿರುವಾಗಲೇ ಪ್ಯಾಚ್ ಒತ್ತುತ್ತಾರೆ. ಟ್ಯೂಬ್ ಒಳಗೆ ಸೇರಿಸುವ ಮುಂಚೆ ಟೈರಿನೊಳಗೆ ಬಟ್ಟೆ ಆಡಿಸಿ ಮುಳ್ಳು ಹುಡುಕಿ. ಅದು ಅಲ್ಲೇ ಉಳಿದರೆ ಅರ್ಧ ಕಿಲೋಮೀಟರಿಗೆ ಮತ್ತೆ ಅದೇ ಕತೆ.

ಮಳೆಗಾಲದಲ್ಲಿ ಈ ಸಾಹಸ ಬೇಡ. ಒದ್ದೆ ರಬ್ಬರಿಗೆ ಪ್ಯಾಚ್ ಹಿಡಿಯೋದೇ ಇಲ್ಲ. ಸಣ್ಣ ಸೋರಿಕೆಯಾದರೆ ಆಗಾಗ ಪಂಪ್ ಹೊಡೆಯುತ್ತಾ ಸೂರು ಸಿಗುವವರೆಗೆ ಬನ್ನಿ. ಪೂರ್ತಿ ಇಳಿದರೆ ಹತ್ತಬೇಡಿ, ತಳ್ಳಿ. ಹತ್ತಿದರೆ ಟ್ಯೂಬ್ ಜೊತೆಗೆ ರಿಮ್ಮೂ ಹಾಳು.

ಇದನ್ನೆಲ್ಲ ಒಂದು ರವಿವಾರ ಅಂಗಳದಲ್ಲಿ ಮಗಳ ಕೈಯಿಂದಲೇ ಮಾಡಿಸಿ. ನೀವೂ ಕಲಿಯಿರಿ. ಮೊದಲ ಸಲ ಮುಕ್ಕಾಲು ಗಂಟೆ ಹಿಡಿದರೂ ಬೇಜಾರಿಲ್ಲ. ಗಾಳಿ ತುಂಬುವ ಟೈರನ್ನು 1888ರಲ್ಲಿ ಬೆಲ್‌ಫಾಸ್ಟ್‌ನ ಪಶುವೈದ್ಯ ಡನ್‌ಲಪ್ ಪೇಟೆಂಟ್ ಮಾಡಿಸಿದ್ದು. ಅವರು ಅದನ್ನು ಮಾಡಲು ಹೊರಟಿದ್ದೂ ಮಗನ ಮೂರು ಚಕ್ರದ ಸೈಕಲ್ಲಿಗಾಗಿಯೇ!

ಕತ್ತಲಾದ ಮೇಲೆ ಹೆದ್ದಾರಿ ಬದಿ ಕೂತು ರಿಪೇರಿ ಬೇಡವೇ ಬೇಡ. ಮಗಳು ದಿನಾ ಹೋಗುವ ದಾರಿಯಲ್ಲಿ ಸೈಕಲ್ ನಿಲ್ಲಿಸಲು ಒಪ್ಪುವ ಒಂದೆರಡು ಅಂಗಡಿ, ಮನೆಯವರನ್ನು ಈಗಲೇ ಮಾತಾಡಿಸಿಡಿ. ಬೀಗ ಹಾಕಿ ಅಲ್ಲಿ ಬಿಟ್ಟು ಬಸ್ ಹತ್ತಲಿ. ಅದಕ್ಕೆಂದೇ ಚೀಲದ ತಳದಲ್ಲಿ ನೂರು ರೂಪಾಯಿ ಮಡಚಿಡಿ. 112 ಮತ್ತು ಹೆದ್ದಾರಿ ಸಹಾಯವಾಣಿ 1033 ಅವಳಿಗೆ ಬಾಯಿಪಾಠ ಇರಲಿ, ಮೊಬೈಲ್ ಚಾರ್ಜ್ ಮುಗಿದಾಗ ಯಾರದಾದರೂ ಫೋನ್ ಕೇಳಿ ಒತ್ತಬಹುದು.