ಕಾರಿನ ಟೈರುಗಳ ಸ್ಥಾನ ಬದಲಾವಣೆ

ಕಾರಿನ ಚಕ್ರಗಳನ್ನು ನಿರ್ದಿಷ್ಟ ದೂರ ಓಡಿಸಿದ ಬಳಿಕ ಒಂದರ ಜಾಗಕ್ಕೆ ಇನ್ನೊಂದನ್ನು ಜೋಡಿಸುವ ಕ್ರಮವನ್ನು ಟೈರುಗಳ ಸ್ಥಾನ ಬದಲಾವಣೆ ಎನ್ನುತ್ತಾರೆ. ಗ್ಯಾರೇಜುಗಳಲ್ಲಿ ಇದು ಟೈರ್ ರೊಟೇಷನ್ ಎಂದೇ ಪರಿಚಿತ. ನಾಲ್ಕೂ ಟೈರುಗಳು ಸುಮಾರಾಗಿ ಸಮನಾಗಿ ಸವೆಯುವಂತೆ ಮಾಡುವುದು ಇದರ ಉದ್ದೇಶ. ಚಿಕ್ಕ ಕಾರುಗಳಲ್ಲಿ ಈ ಕೆಲಸವನ್ನು ಮನೆಯಂಗಳದಲ್ಲಿಯೇ ಮಾಡಿಕೊಳ್ಳಬಹುದು. ಆದರೆ ಅದಕ್ಕೆ ಕಾರನ್ನು ಹಲವು ಬಾರಿ ಜಾಕ್‌ನಿಂದ ಎತ್ತಬೇಕಾಗುವುದರಿಂದ ನೆಲದ ಗುಣ, ಜಾಕ್ ಇಡುವ ಜಾಗ ಮತ್ತು ಚಕ್ರಗಳಿಗೆ ಕೊಡುವ ತಡೆ ಈ ಮೂರನ್ನೂ ತಿಳಿದಿರುವುದು ಅಗತ್ಯ. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ಭಾಗದಂತಹ ಎರೆಮಣ್ಣಿನ ಪ್ರದೇಶದಲ್ಲಿ ಮೊದಲನೆಯದು ಉಳಿದೆರಡಕ್ಕಿಂತಲೂ ಮುಖ್ಯವಾಗುತ್ತದೆ.

ಅಸಮ ಸವೆತಕ್ಕೆ ಕಾರಣ

ಭಾರತದಲ್ಲಿ ಮಾರಾಟವಾಗುವ ಚಿಕ್ಕ ಕಾರುಗಳಲ್ಲಿ ಬಹುಪಾಲು ಮುಂಚಕ್ರ ಚಾಲನೆಯವು. 1983ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಮಾರುತಿ 800 ಈ ಬಗೆಯ ರಚನೆಯನ್ನು ದೇಶದ ಜನಸಾಮಾನ್ಯರಿಗೆ ಪರಿಚಯಿಸಿತು. ಇಂತಹ ಕಾರುಗಳಲ್ಲಿ ಎಂಜಿನ್ ಮತ್ತು ಗೇರ್ ಪೆಟ್ಟಿಗೆಯ ಭಾರವನ್ನು ಮುಂದಿನ ಚಕ್ರಗಳೇ ಹೊರುತ್ತವೆ. ಕಾರನ್ನು ಎಳೆಯುವುದೂ, ತಿರುಗಿಸುವುದೂ, ಬ್ರೇಕ್ ಹಾಕಿದಾಗ ಹೆಚ್ಚಿನ ಒತ್ತಡ ತಾಳುವುದೂ ಅವೇ. ಆದ್ದರಿಂದ ಮುಂದಿನ ಟೈರುಗಳು ಹಿಂದಿನವುಗಳಿಗಿಂತ ಬೇಗ ಸವೆಯುತ್ತವೆ. ಹಿಂಚಕ್ರ ಚಾಲನೆಯ ಅಂಬಾಸಡರ್, ಮಾರುತಿ ಓಮ್ನಿಯಂತಹ ವಾಹನಗಳಲ್ಲಿ ಸವೆತದ ರೀತಿ ಬೇರೆಯಾಗಿರುತ್ತದೆ.

ಸವೆತದ ಗುರುತುಗಳನ್ನು ನೋಡಿ ಅದರ ಕಾರಣವನ್ನು ಊಹಿಸಬಹುದು. ಟೈರಿನ ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತೆಂದೂ, ಎರಡೂ ಅಂಚುಗಳು ಸವೆದಿದ್ದರೆ ಕಡಿಮೆಯಾಗಿತ್ತೆಂದೂ ತಿಳಿಯಬೇಕು. ಒಂದೇ ಅಂಚು ಸವೆದಿದ್ದರೆ ಚಕ್ರಗಳ ಅಲೈನ್‌ಮೆಂಟ್ ತಪ್ಪಿರುವ ಸಾಧ್ಯತೆ ಹೆಚ್ಚು. ಅಲ್ಲಲ್ಲಿ ಗುಳಿ ಬಿದ್ದಂತೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ದುರ್ಬಲವಾಗಿರಬಹುದು. ಸ್ಥಾನ ಬದಲಾವಣೆಯಿಂದ ಈ ದೋಷಗಳು ಸರಿಹೋಗುವುದಿಲ್ಲ. ದೋಷವಿರುವ ಜಾಗಕ್ಕೆ ಒಳ್ಳೆಯ ಟೈರನ್ನು ಒಯ್ದು ಅದನ್ನೂ ಸವೆಸಿದಂತಾಗುತ್ತದೆ, ಅಷ್ಟೆ.

ಬದಲಾವಣೆಯ ಕ್ರಮ

ಸಾಮಾನ್ಯವಾಗಿ 5,000ದಿಂದ 10,000 ಕಿಲೋಮೀಟರ್‌ಗೊಮ್ಮೆ ಸ್ಥಾನ ಬದಲಿಸುವುದು ವಾಡಿಕೆ. ನಿಖರವಾದ ಅಂತರವನ್ನು ಕಾರಿನ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಮುಂಚಕ್ರ ಚಾಲನೆಯ ಕಾರಿನಲ್ಲಿ ಮುಂದಿನ ಎರಡು ಚಕ್ರಗಳು ಅದೇ ಬದಿಯಲ್ಲಿ ನೇರವಾಗಿ ಹಿಂದಕ್ಕೆ ಹೋಗುತ್ತವೆ. ಹಿಂದಿನವು ಬದಿ ಬದಲಿಸಿ ಮುಂದಕ್ಕೆ ಬರುತ್ತವೆ. ಹಿಂಚಕ್ರ ಚಾಲನೆಯಲ್ಲಿ ಇದರ ವಿರುದ್ಧ: ಹಿಂದಿನವು ನೇರವಾಗಿ ಮುಂದಕ್ಕೆ, ಮುಂದಿನವು ಅಡ್ಡಲಾಗಿ ಹಿಂದಕ್ಕೆ. ಟೈರಿನ ಪಕ್ಕದ ಗೋಡೆಯ ಮೇಲೆ ತಿರುಗುವ ದಿಕ್ಕಿನ ಬಾಣದ ಗುರುತಿದ್ದರೆ ಅಂತಹ ಟೈರಿನ ಬದಿಯನ್ನು ಬದಲಿಸುವಂತಿಲ್ಲ. ಅದೇ ಬದಿಯಲ್ಲಿ ಹಿಂದೆ ಮುಂದೆ ಮಾಡಬಹುದಷ್ಟೆ.

ಒಂದೇ ಜಾಕ್ ಇರುವ ಮನೆಯಲ್ಲಿ ಈ ಅದಲುಬದಲಿಗೆ ನೆರವಾಗುವುದು ಸ್ಟೆಪ್ನಿ. (ಹೆಚ್ಚುವರಿ ಚಕ್ರಕ್ಕೆ ಭಾರತದಲ್ಲಿ ಬಳಕೆಯಲ್ಲಿರುವ ಈ ಹೆಸರು ವೇಲ್ಸ್‌ನ ಲಾನೆಲ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಿಂದ ಬಂದಿದೆ, 1904ರ ಸುಮಾರಿಗೆ ಅಲ್ಲಿ ಇಂತಹ ಚಕ್ರಗಳ ತಯಾರಿಕೆ ಆರಂಭವಾಯಿತು.) ಮುಂಚಕ್ರ ಚಾಲನೆಯ ಕಾರಿನಲ್ಲಿ ಮೊದಲು ಎಡ ಮುಂಚಕ್ರವನ್ನು ತೆಗೆದು ಅಲ್ಲಿಗೆ ಸ್ಟೆಪ್ನಿಯನ್ನು ಹಾಕಿ ಕಾರನ್ನು ಇಳಿಸಲಾಗುತ್ತದೆ. ತೆಗೆದ ಚಕ್ರವನ್ನು ಎಡ ಹಿಂಭಾಗಕ್ಕೆ, ಅಲ್ಲಿಂದ ಬಿಚ್ಚಿದ್ದನ್ನು ಬಲ ಮುಂಭಾಗಕ್ಕೆ, ಅಲ್ಲಿಯದನ್ನು ಬಲ ಹಿಂಭಾಗಕ್ಕೆ ಹಾಕಬೇಕು. ಕೊನೆಗೆ ಬಲ ಹಿಂಭಾಗದಿಂದ ಬಿಚ್ಚಿದ ಚಕ್ರವು ಎಡ ಮುಂಭಾಗದ ಸ್ಟೆಪ್ನಿಯ ಜಾಗಕ್ಕೆ ಬರುತ್ತದೆ. ಕಾರನ್ನು ಐದು ಬಾರಿ ಎತ್ತಬೇಕಾದರೂ ಯಾವ ಕ್ಷಣದಲ್ಲಿಯೂ ಒಂದಕ್ಕಿಂತ ಹೆಚ್ಚು ಚಕ್ರ ನೆಲ ಬಿಟ್ಟಿರುವುದಿಲ್ಲ ಎಂಬುದು ಈ ವಿಧಾನದ ಅನುಕೂಲ.

ನೆಲ

ಸಿಂಧನೂರು ಭಾಗ ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿಗೆ ಒಳಪಟ್ಟ ಭತ್ತದ ಸೀಮೆ. ಇಲ್ಲಿಯೂ ಮಸ್ಕಿಯ ಸುತ್ತಲೂ ಎರೆಮಣ್ಣು ವ್ಯಾಪಕವಾಗಿದೆ. ಒಣಗಿದಾಗ ಬಿರುಕು ಬಿಟ್ಟು ಕಲ್ಲಿನಂತೆ ಗಟ್ಟಿಯಾಗುವ ಈ ಮಣ್ಣು, ನೀರು ಕುಡಿದೊಡನೆ ಉಬ್ಬಿ ಮೆತ್ತಗಾಗುತ್ತದೆ. ಮೇಲ್ಪದರ ಒಣಗಿ ಗಟ್ಟಿಯಾಗಿ ಕಂಡರೂ ಒಂದು ಗೇಣು ಕೆಳಗೆ ಹಸಿ ಉಳಿದಿರುವುದುಂಟು. ಕಾಲುವೆಯ ಬದಿಯಲ್ಲಿ, ಗದ್ದೆಗೆ ಹೊಂದಿದ ಅಂಗಳದಲ್ಲಿ ಹೀಗಾಗುವುದು ಹೆಚ್ಚು. ಇಂತಹ ನೆಲದ ಮೇಲೆ ಇಟ್ಟ ಜಾಕ್ ಮೊದಮೊದಲು ನೇರವಾಗಿಯೇ ನಿಲ್ಲುತ್ತದೆ; ಭಾರ ಬಿದ್ದಂತೆ ಪಾದದ ಒಂದು ಅಂಚು ಹೂತು, ಜಾಕ್ ವಾಲಿ, ಕಾರು ಪಕ್ಕಕ್ಕೆ ಜಾರುತ್ತದೆ.

ಇದರ ಲೆಕ್ಕ ಸರಳ. ಚಿಕ್ಕ ಕಾರಿನ ಒಂದು ಮೂಲೆಯನ್ನು ಎತ್ತುವಾಗ ಜಾಕ್‌ನ ಮೇಲೆ ಸುಮಾರು 250 ಕಿಲೋ ಭಾರ ಬೀಳುತ್ತದೆ ಎಂದಿಟ್ಟುಕೊಳ್ಳೋಣ. ಜಾಕ್‌ನ ಪಾದ 8 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಉದ್ದವಿದ್ದರೆ ನೆಲದ ಪ್ರತಿ ಚದರ ಸೆಂಟಿಮೀಟರಿನ ಮೇಲೆ 3 ಕಿಲೋಗಿಂತ ಹೆಚ್ಚು ಭಾರ ಬೀಳುತ್ತದೆ. ಅದೇ ಜಾಕ್‌ನ ಕೆಳಗೆ 30 ಸೆಂಟಿಮೀಟರ್ ಚೌಕದ ದಪ್ಪ ಮರದ ಹಲಗೆ ಇಟ್ಟರೆ ಭಾರ 900 ಚದರ ಸೆಂಟಿಮೀಟರಿಗೆ ಹಂಚಿಹೋಗಿ 0.3 ಕಿಲೋಗಿಂತ ಕಡಿಮೆಯಾಗುತ್ತದೆ. ತೆಳು ಪ್ಲೈವುಡ್ ಬಾಗುವುದರಿಂದ ಈ ಕೆಲಸಕ್ಕೆ ಬರುವುದಿಲ್ಲ. ಹಲಗೆ ಇಟ್ಟರೂ ಕೆಸರಿನಲ್ಲಿ ಕಾರು ಎತ್ತುವುದು ಸಲ್ಲದು. ಹಲಗೆಯು ಒಣ ಮಣ್ಣಿನ ನೆಲಕ್ಕೆ ಮಾತ್ರ ಪರಿಹಾರ.

ಈ ಭಾಗದ ಮನೆಗಳ ಅಂಗಳಕ್ಕೆ ಹಾಸುವ ಶಹಾಬಾದ್ ಕಲ್ಲು ಸಮತಟ್ಟಾಗಿ ಕಂಡರೂ ಅದರಲ್ಲಿ ಇನ್ನೊಂದು ಅಪಾಯವಿದೆ. ಕಲ್ಲಿನ ಅಡಿಯ ಮರಳು ಕೊಚ್ಚಿಹೋಗಿ ಟೊಳ್ಳಾಗಿದ್ದರೆ ಒಂದೇ ಜಾಗದಲ್ಲಿ ಬೀಳುವ ಭಾರಕ್ಕೆ ಹಾಸುಗಲ್ಲು ಬಿರಿಯುತ್ತದೆ. ಬಡಿದಾಗ ಟೊಳ್ಳು ಸದ್ದು ಬರುವ ಕಲ್ಲಿನ ಮೇಲೆ ಜಾಕ್ ಇಡಬಾರದು. ಲಿಂಗಸುಗೂರು ತಾಲ್ಲೂಕಿನ ಹಟ್ಟಿ, ಮುದಗಲ್ ಕಡೆಯ ಮಸಾರಿ ಮತ್ತು ಕಲ್ಲುನೆಲ ಭಾರ ತಾಳುತ್ತದೆಯಾದರೂ ಮಟ್ಟವಾದ ಜಾಗ ಸಿಗುವುದು ಕಡಿಮೆ. ಈ ಮೂರೂ ಪಟ್ಟಣಗಳನ್ನು ಜೋಡಿಸುವ ರಾಷ್ಟ್ರೀಯ ಹೆದ್ದಾರಿ 150ಎ ಬದಿಯಲ್ಲಿ ಪಂಚರ್ ಆದರೆ ಮಣ್ಣಿನ ಅಂಚಿಗೆ ಇಳಿಸುವ ಬದಲು ಪೆಟ್ರೋಲ್ ಬಂಕ್ ಅಥವಾ ಕಾಂಕ್ರೀಟ್ ನೆಲದವರೆಗೆ ನಿಧಾನವಾಗಿ ಸಾಗುವುದು ಲೇಸು. ಇದರಿಂದ ಟೈರು ಹಾಳಾಗಬಹುದು. ಟೈರು ಮತ್ತೆ ಸಿಗುತ್ತದೆ.

ಗಾಲಿಗೆ ತಡೆ

ಹ್ಯಾಂಡ್‌ಬ್ರೇಕ್ ಎಳೆದು ಗೇರ್‌ಗೆ ಹಾಕಿದರೆ ಕಾರು ಅಲುಗುವುದಿಲ್ಲ ಎಂಬ ನಂಬಿಕೆ ಪೂರ್ತಿ ಸರಿಯಲ್ಲ. ಬಹುತೇಕ ಚಿಕ್ಕ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಎರಡು ಚಕ್ರಗಳನ್ನು ಮಾತ್ರ. ಹಿಂಚಕ್ರವೊಂದನ್ನು ಎತ್ತಿದಾಗ ಆ ಹಿಡಿತದಲ್ಲಿ ಅರ್ಧ ಹೋಗುತ್ತದೆ. ಮುಂಚಕ್ರವೊಂದನ್ನು ಎತ್ತಿದಾಗ ಗೇರ್‌ನ ಹಿಡಿತವೇ ಇಲ್ಲವಾಗುತ್ತದೆ. ಏಕೆಂದರೆ ಡಿಫರೆನ್ಷಿಯಲ್ ಎಂಬ ಸಾಧನ ಎರಡು ಮುಂಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಅವಕಾಶ ಕೊಡುತ್ತದೆ. ಗಾಳಿಯಲ್ಲಿರುವ ಚಕ್ರ ಒಂದು ದಿಕ್ಕಿಗೆ ತಿರುಗಿದರೆ ನೆಲದ ಮೇಲಿನದು ಇನ್ನೊಂದು ದಿಕ್ಕಿಗೆ ಉರುಳಬಲ್ಲದು. ಆದ್ದರಿಂದ ಎತ್ತುವ ಚಕ್ರಕ್ಕೆ ಮೂಲೆಯಿಂದ ಮೂಲೆಗೆ ಎದುರಾಗಿರುವ ಚಕ್ರದ ಹಿಂದೆಯೂ ಮುಂದೆಯೂ ತಡೆ ಕೊಡಬೇಕು. ಗಾಲಿಗೆ ಕಲ್ಲು ಕೊಡುವ ರೂಢಿ ಹಳೆಯದು. ಉರುಟು ಕಲ್ಲಿಗಿಂತ ಇಳಿಜಾರಾಗಿ ಕೊಯ್ದ ಮರದ ತುಂಡು ಭದ್ರ.

ಎತ್ತುವ ವಿಧಾನ

ಕಾರಿನೊಂದಿಗೆ ಬರುವುದು ಸಾಮಾನ್ಯವಾಗಿ ಕತ್ತರಿಯಾಕಾರದ ಜಾಕ್. ಅದನ್ನು ಬಾಗಿಲಿನ ಕೆಳಗಿನ ಪಟ್ಟಿಯಲ್ಲಿ, ಮುಂಚಕ್ರದ ಹಿಂದೆ ಅಥವಾ ಹಿಂಚಕ್ರದ ಮುಂದೆ, ಎರಡು ಕಚ್ಚುಗಳ ನಡುವೆ ಗಟ್ಟಿಗೊಳಿಸಿರುವ ಭಾಗಕ್ಕೇ ಇಡಬೇಕು. ಬೇರೆಡೆ ಇಟ್ಟರೆ ತಗಡು ಬಾಗುತ್ತದೆ. ಟ್ರಾಕ್ಟರ್ ಇರುವ ಮನೆಗಳಲ್ಲಿ ಅದರ ಹೈಡ್ರಾಲಿಕ್ ಬಾಟಲ್ ಜಾಕನ್ನೇ ಕಾರಿಗೂ ಬಳಸುವುದುಂಟು. ಅದರ ದುಂಡು ತಲೆ ಕಾರಿನ ಪಟ್ಟಿಯ ತೆಳು ಅಂಚಿನಿಂದ ಸುಲಭವಾಗಿ ಜಾರುತ್ತದೆ. ಗಾಳಿಯಿಲ್ಲದ ಚಿಕ್ಕ ಕಾರಿನ ಕೆಳಗೆ ಅದು ಹಿಡಿಸುವುದೂ ಕಷ್ಟ.

ಚಕ್ರದ ನಟ್‌ಗಳನ್ನು ಕಾರು ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಬೇಕು. ಎತ್ತಿದ ಮೇಲೆ ಬಲವಂತ ಮಾಡಿದರೆ ಕಾರು ಜಾಕ್‌ನಿಂದ ಬೀಳಬಹುದು. ಒಳಗೆ ಯಾರೂ ಕುಳಿತಿರಬಾರದು, ಮಕ್ಕಳೂ ಸಹ. ಚಕ್ರ ನೆಲದಿಂದ ಎರಡು ಮೂರು ಸೆಂಟಿಮೀಟರ್ ಮೇಲೇರಿದರೆ ಸಾಕು. ಹಾಕಬೇಕಾದ ಚಕ್ರವನ್ನು ಜಾಕ್‌ನ ಪಕ್ಕದಲ್ಲಿ ಬಾಗಿಲ ಪಟ್ಟಿಯ ಕೆಳಗೆ ಅಡ್ಡ ಮಲಗಿಸಿಡುವುದು ಒಳ್ಳೆಯ ಅಭ್ಯಾಸ. ಜಾಕ್ ಜಾರಿದರೂ ಕಾರು ಅದರ ಮೇಲೆ ಕೂರುತ್ತದೆ. ಹಳೆಯದನ್ನು ಬಿಚ್ಚಿದೊಡನೆ ಅದನ್ನು ಅಲ್ಲಿಗೆ ಸರಿಸಿ, ಹೊಸದನ್ನು ಹೊರತೆಗೆಯಬೇಕು.

ಜಾಕ್ ಕಾರನ್ನು ಎತ್ತುವ ಸಾಧನವೇ ಹೊರತು ಹೊತ್ತು ನಿಲ್ಲುವ ಸಾಧನವಲ್ಲ. ಜಾಕ್‌ನ ಆಧಾರದಲ್ಲಿ ಮಾತ್ರ ನಿಂತಿರುವ ಕಾರಿನ ಕೆಳಗೆ ಕೈ, ತಲೆ ಅಥವಾ ದೇಹದ ಯಾವ ಭಾಗವನ್ನೂ ಒಡ್ಡಬಾರದು. ಹೈಡ್ರಾಲಿಕ್ ಜಾಕ್‌ನ ಸೀಲು ಸೋರಿದರೆ ಕಾರು ಸದ್ದಿಲ್ಲದೆ ಇಳಿಯುತ್ತದೆ. ಕೆಳಗೆ ಹೋಗುವ ಕೆಲಸವಿದ್ದಲ್ಲಿ ಉಕ್ಕಿನ ಸ್ಟ್ಯಾಂಡ್‌ಗಳನ್ನು ಗಟ್ಟಿ ನೆಲದ ಮೇಲೆ ಇಟ್ಟು ಕಾರನ್ನು ಅವುಗಳ ಮೇಲೆ ಕೂರಿಸಬೇಕು. ಇಟ್ಟಿಗೆ, ಸಿಮೆಂಟ್ ಬ್ಲಾಕ್, ಸೈಜು ಕಲ್ಲುಗಳ ರಾಶಿ ಸ್ಟ್ಯಾಂಡಿಗೆ ಬದಲಾಗಲಾರವು. ಅವು ಬಾಗದೆ ಒಮ್ಮೆಲೇ ಒಡೆಯುತ್ತವೆ.

ಮರುಜೋಡಣೆಯಲ್ಲಿ ನಟ್‌ನ ಇಳಿಜಾರು ಮುಖ ಒಳಗಿರಬೇಕು. ಮೊದಲು ಕೈಯಿಂದ ತಿರುಗಿಸಿ, ಬಳಿಕ ಎದುರುಬದಿರಾಗಿ ಸ್ವಲ್ಪ ಸ್ವಲ್ಪವೇ ಬಿಗಿದು, ಕಾರನ್ನು ಇಳಿಸಿದ ನಂತರ ಪೂರ್ಣ ಬಿಗಿಯಬೇಕು. ಸ್ಪ್ಯಾನರಿನ ಮೇಲೆ ನಿಂತು ತುಳಿಯುವುದರಿಂದ ಬೋಲ್ಟ್ ಹಿಗ್ಗುತ್ತದೆ. ಎಣ್ಣೆ ಸವರಿದರೂ ಬಿಗಿತ ಲೆಕ್ಕ ಮೀರುತ್ತದೆ. 50ರಿಂದ 100 ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿ ನೋಡುವುದು ಕಡ್ಡಾಯವೆಂದೇ ಭಾವಿಸಬೇಕು.

ಗಾಳಿ ಮತ್ತು ಆಯುಷ್ಯ

ಅನೇಕ ಕಾರುಗಳಲ್ಲಿ ಮುಂದಿನ ಮತ್ತು ಹಿಂದಿನ ಟೈರುಗಳ ಗಾಳಿಯ ಪ್ರಮಾಣ ಬೇರೆಯಾಗಿರುವುದರಿಂದ ಸ್ಥಾನ ಬದಲಿಸಿದ ಮೇಲೆ ಅದನ್ನು ಸರಿಪಡಿಸಬೇಕು. ತಾಪಮಾನ ಸುಮಾರು 5ರಿಂದ 6 ಡಿಗ್ರಿ ಸೆಲ್ಸಿಯಸ್ ಏರಿದರೆ ಟೈರಿನ ಒತ್ತಡ 1 ಪಿಎಸ್‌ಐಯಷ್ಟು ಏರುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು ಜಿಲ್ಲೆಯಲ್ಲಿ ಬೆಳಗಿನ ತಂಪು ಹೊತ್ತಿನಲ್ಲಿ, ಕಾರು ಓಡಿಸುವ ಮೊದಲೇ ಅಳೆಯುವುದು ಸೂಕ್ತ. ಚಕ್ರ ಕೈಗೆ ಬಂದಾಗ ಅಂಚುಗಳನ್ನು ತಡವಿ ನೋಡಿದರೆ ಬಳ್ಳಾರಿ ಜಾಲಿಯ ಮುರಿದ ಮುಳ್ಳುಗಳು ಸಿಗುವುದು ಸಾಮಾನ್ಯ.

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಕಾರಿನ ಟೈರಿನ ಅಚ್ಚಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಇರುವಂತಿಲ್ಲ. ಅಚ್ಚಿನ ಗಾಡಿಗಳ ನಡುವೆ ಅಡ್ಡಲಾಗಿರುವ ಚಿಕ್ಕ ದಿಣ್ಣೆಗಳು ಮೇಲ್ಮೈಗೆ ಸಮನಾದರೆ ಟೈರು ಮುಗಿಯಿತೆಂದು ಅರ್ಥ. ಅದನ್ನು ಹಿಂದಕ್ಕೆ ಹಾಕಿ ಮುಂದುವರಿಸಬಾರದು. ಪಕ್ಕದ ಗೋಡೆಯ ಮೇಲಿನ ನಾಲ್ಕು ಅಂಕಿಗಳು ತಯಾರಿಕೆಯ ವಾರ ಮತ್ತು ವರ್ಷವನ್ನು ತಿಳಿಸುತ್ತವೆ: 2321 ಎಂದಿದ್ದರೆ ಅದು 2021ರ 23ನೆಯ ವಾರದಲ್ಲಿ ತಯಾರಾದದ್ದು. ವರ್ಷಗಟ್ಟಲೆ ಡಿಕ್ಕಿಯಲ್ಲೇ ಉಳಿದ ಸ್ಟೆಪ್ನಿಯ ಅಚ್ಚು ಹೊಸದಾಗಿಯೇ ಕಂಡರೂ ರಬ್ಬರ್ ಗಡುಸಾಗಿ ಬಿರುಕು ಬಿಟ್ಟಿರಬಹುದಾದ್ದರಿಂದ, ಅದನ್ನು ಓಡುವ ಚಕ್ರಗಳ ಸಾಲಿಗೆ ಸೇರಿಸುವ ಮೊದಲು ಈ ಅಂಕಿಗಳನ್ನು ಓದಿಕೊಳ್ಳಬೇಕು.